ಇಲ್ಲದ ಪೈಪಿನ ಬಾಯಿ

ಅದು ಒದ್ದೆಯಲ್ಲ, ನೆರಳು ಎಂದು ಸಂಕಪ್ಪ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು ಅತ್ತ ಬೆನ್ನು ಹಾಕಿ, ರಸ್ತೆಯಂಚಿನ ಕಲ್ಲುಗಳಿಗೆ ಕಪ್ಪುಬಿಳಿ ಬಣ್ಣ ಬಳಿಯುತ್ತಿದ್ದವರನ್ನು ಸುಮ್ಮಸುಮ್ಮನೆ ಗದರಿದ. ಬಣ್ಣ ಡಾಮರಿನ ಮೇಲೆ ಹನಿಯುತ್ತಾ ಉಂಟು, ಕಣ್ಣು ಎಲ್ಲಿ ಇಟ್ಟಿದ್ದೀರಿ ಎಂದ. ಎಲ್ಲಿಯೂ ಹನಿದಿರಲಿಲ್ಲ. ಅವರು ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿ, ಇವತ್ತು ಫೋರ್‌ಮನ್‌ಗೆ ಯಾವುದೋ ಗಾಳಿ ತಾಗಿದೆ ಎಂಬಂತೆ ಮತ್ತೆ ಬಗ್ಗಿದರು. ತಾಗಿದ್ದು ಹೌದು. ಬೆಳಗ್ಗೆ ಕ್ಯಾಂಪಿನಲ್ಲಿ ಚಾದ ಲೋಟ ಕೈಗೆ ತೆಗೆದುಕೊಂಡಾಗಿನಿಂದ ಮಂಡೆಬಿಸಿ ಶುರುವಾಗಿತ್ತು. ಸಂಜೆಯ ನಮಾಜು ಮುಗಿದ ಮೇಲೆ ಊರಿನ ದೊಡ್ಡ ಅಧಿಕಾರಿಗಳು ಬಂದು ರಿಬ್ಬನ್ ಕತ್ತರಿಸಿ ಈ ರಸ್ತೆಯನ್ನು ಓಡಾಟಕ್ಕೆ ಬಿಡುವವರಿದ್ದರು. ನ್ಯಾಶನಲ್ ಡೇ ಹತ್ತಿರ ಬಂತು ಎಂದರೆ ಇಡೀ ಒಮಾನಿನಲ್ಲಿ ಅರ್ಧ ಆದ ರಸ್ತೆಗಳಿಗೆಲ್ಲ ಒಮ್ಮೆಲೇ ಜೀವ ಬರುತ್ತದೆ. ರೌಂಡಬೌಟಿನ ಹತ್ತಿರ ಆಗಲೇ ಶಾಮಿಯಾನ ಎದ್ದಿತ್ತು, ಕೆಂಪು ಜಮಖಾನ ಹಾಸಿತ್ತು, ದೀಪದ ಕಂಬದಿಂದ ಕಂಬಕ್ಕೆ ಬಾವುಟಗಳ ಸರ. ಸಂಕಪ್ಪ ಇನ್ನೊಮ್ಮೆ ತಿರುಗಿ ನೋಡಿದ. ಕಂಬದ ನೆರಳು ಆಚೆ ಬದಿಗೆ ಬಿದ್ದಿತ್ತು. ಈಚೆ ಬದಿಯಲ್ಲಿ, ಕಲ್ಲಿನ ಬುಡದಲ್ಲಿ ಇದ್ದದ್ದು ನೆರಳಲ್ಲ. ಹತ್ತಿರ ಹೋಗಿ ಬೂಟಿನ ಮೊನೆಯಿಂದ ಒತ್ತಿದ. ಮಣ್ಣು ಮೆತ್ತಗೆ ಒಳಗೆ ಹೋಯಿತು, ಬೂಟು ತೆಗೆದಾಗ ಆ ಗುಳಿಯಲ್ಲಿ ನೀರು ಮೆಲ್ಲನೆ ತುಂಬಿಕೊಂಡಿತು. ಬಂತಲ್ಲ ಮಾರಾಯ, ಎಂದು ಅವನ ಬಾಯಿಂದಲೇ ಹೊರಬಿತ್ತು.

ಇದೆಲ್ಲ ಆ ಕೊನೆಯ ತುಂಡಿನ ರಗಳೆ. ಯೂನಿವರ್ಸಿಟಿಯ ಕಡೆಯಿಂದ ಹಳೆಯ ಅಲ್ ಖೌದ್‌ನ ತೋಟಗಳ ತನಕ ಎಲ್ಲ ಮುಗಿದು, ಈ ತಿರುವಿನ ತುಂಡೊಂದು ಉಳಿದಿತ್ತು. ಅದನ್ನು ಅಗೆಯುವಾಗ ಅಡ್ಡಲಾಗಿ ಒಂದು ತೋಡು ಸಿಕ್ಕಿತು. ಗೇಣಗಲದ್ದು, ಎರಡೂ ಬದಿಗೆ ಕಲ್ಲು ಕಟ್ಟಿ ಗಾರೆ ಮೆತ್ತಿದ್ದು. ಒಳಗೆ ಒಣಗಿದ ಖರ್ಜೂರದ ಗರಿ, ಒಂದು ಪೆಪ್ಸಿ ಡಬ್ಬ, ಆಡಿನ ಹಿಕ್ಕೆ. ನೀರಿನ ಪಸೆ ಇಲ್ಲ. ಸತ್ತ ತೋಡು ಎಂದು ಸಂಕಪ್ಪ ಅಂದುಕೊಂಡದ್ದೂ ನಿಜ. ಅಷ್ಟರಲ್ಲಿ ಖಲ್ಫಾನ್ ಬಾಬಾ ಬಂದ. ರಸ್ತೆಯ ಕೆಳಬದಿಗೆ ಒಂದೇ ಒಂದು ತೋಟ ಇತ್ತು, ಅದು ಈ ಮುದುಕನದು. ಪ್ರಾಯದಲ್ಲಿ ಹಾಯಿಹಡಗಿನಲ್ಲಿ ಖಲಾಸಿಯಾಗಿ ಬೊಂಬಾಯಿಗೆ, ಮಂಗಳೂರಿಗೆ ಹೋಗಿ ಹಂಚು, ಮರ ಹೇರಿಕೊಂಡು ಬಂದವನು. ಹಾಗಾಗಿ ಅವನ ಬಾಯಲ್ಲಿ ಒಂದು ಹರಕು ಹಿಂದಿ ಇತ್ತು. ಸಂಕಪ್ಪ ಕಾರ್ಕಳದ ಕಡೆಯವನು ಎಂದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ, ಮಂಗಳೂರಿನ ಹತ್ತಿರ ಎಂದದ್ದೇ ತಡ, ಮಂಜರೂರಿ ಎಂದು ಹೆಸರಿಟ್ಟುಬಿಟ್ಟಿದ್ದ. ಮುದುಕ ಆ ದಿನ ಕೋಲಿನಿಂದ ಗುಡ್ಡದ ಕಡೆ ತೋರಿಸಿದ, ಸೂರ್ಯನನ್ನು ತೋರಿಸಿದ, ತೋಡನ್ನು ತೋರಿಸಿದ. ಗುಡ್ಡದ ಬುಡದಿಂದ ಬರುವ ಊರಿನ ಕಾಲುವೆ, ಫಲಜ್ ಎನ್ನುತ್ತಾರಲ್ಲ, ಅದರ ಕವಲು ಇದು. ನೀರು ದಿನಾ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾಳಿ. ಹತ್ತು ಹನ್ನೆರಡು ದಿನಕ್ಕೊಮ್ಮೆ, ಬಿಸಿಲೇರಿದಲ್ಲಿಂದ ಕೋಲಿನ ನೆರಳು ಒಂದು ಕಲ್ಲನ್ನು ಮುಟ್ಟುವವರೆಗೆ ನೀರು ಅವನದು. ದೊಡ್ಡ ಮರಗಳು ತಡೆದಾವು, ಈ ಸಲ ಲಿಂಬೆಯ ಸಸಿ ಇಟ್ಟಿದ್ದೇನೆ, ಅವಕ್ಕೆ ಒಂದು ಪಾಳಿ ತಪ್ಪಿದರೂ ಮುಗಿಯಿತು ಎಂದ. ಎರಡು ಕೈ ಸೇರಿಸಿ ಗುಂಡಗೆ ಮಾಡಿ ತೋರಿಸಿ, ಪೈಪ್ ಎಂದ. ಸಂಕಪ್ಪ, ಹೌದು ಬಾಬಾ, ಪೈಪ್ ಹಾಕುವಾ ಎಂದ. ಸುಳ್ಳು ಹೇಳಿದ್ದಲ್ಲ. ಯಾರ್ಡಿನಲ್ಲಿ ಒಂದು ತುಂಡು ಪೈಪು ಬಿಸಿಲಿಗೆ ಬಿದ್ದುಕೊಂಡಿತ್ತು, ತೋಡಿನ ಅಳತೆಗೇ ಮಾಡಿಸಿದ ಹಾಗೆ. ತಂದು ಇಟ್ಟು ಮೇಲೆ ಜಲ್ಲಿ ಎಳೆದರೆ ಆಯಿತು, ಒಂದು ಬೀಡಿ ಸೇದುವಷ್ಟರ ಕೆಲಸ.

ಮಾಡಿಬಿಡಬಹುದಿತ್ತು. ಅಲ್ಲೇ ಇರುವುದು ಸಂಕಪ್ಪನ ರೋಗ. ಸಾರ್ ಎಂದು ಒಮ್ಮೆ ಕೇಳದೆ ಅವನ ಕೈ ಏಳುವುದಿಲ್ಲ. ಬೊಂಬಾಯಿಯ ಕಂತ್ರಾಟಿನಲ್ಲಿ ಕಲಿತದ್ದೋ, ಅದಕ್ಕೂ ಮೊದಲು ಊರಿನಲ್ಲಿ ನೆಲದ ಧಣಿ ಗುರುವ ಮಾವನ ಮನೆಯ ಜಗಲಿಯ ಕೆಳಗೆ ನಿಂತು ಕಲಿತದ್ದೋ ಗೊತ್ತಿಲ್ಲ. ಆಫೀಸಿನ ಕ್ಯಾಬಿನ್ನಿಗೆ ಹೋದ. ಇಂಜಿನಿಯರ್ ರಾಜಗೋಪಾಲ, ಮೈಸೂರಿನವರು, ವಯಸ್ಸಿನಲ್ಲಿ ಸಂಕಪ್ಪನಿಗಿಂತ ಹತ್ತು ವರ್ಷಕ್ಕಾದರೂ ಸಣ್ಣವರು, ಫೋನಿನಲ್ಲಿದ್ದರು. ಸುತ್ತ ಸ್ಟೋರಿನವರು, ಡ್ರೈವರುಗಳು, ರೋಲರಿನ ಯೂಸುಫ್ ಎಲ್ಲ ನಿಂತಿದ್ದರು. ಫೋನಿಟ್ಟ ಮೇಲೆ ಸಂಕಪ್ಪ ತೋಡಿನ ಸಂಗತಿ ತೆಗೆದ, ಪೈಪು ಹಾಕಲಾ ಸಾರ್ ಎಂದ. ರಾಜಗೋಪಾಲ ಅವನ ಮುಖವನ್ನೂ ನೋಡಲಿಲ್ಲ. "ಏನ್ರೀ ಸಂಕಪ್ಪ, ಡ್ರಾಯಿಂಗ್‌ನಲ್ಲಿ ಇದ್ಯಾ? ಇಲ್ಲ ತಾನೇ? ಇಲ್ಲ ಅಂದ್ರೆ ಇಲ್ಲ. ಒಂದೊಂದು ಗುಂಡಿಗೂ ಬಂದು ನನ್ನ ಕೇಳ್ತೀರಲ್ಲ, ನಿಮ್ಮನ್ನ ಫೋರ್‌ಮನ್ ಅಂತ ಯಾವ ಪುಣ್ಯಾತ್ಮ ಮಾಡಿದ್ರೀ?" ಯಾರೋ ನಕ್ಕರು. ಯಾರು ಎಂದು ಸಂಕಪ್ಪ ತಿರುಗಿ ನೋಡಲಿಲ್ಲ, ಆದರೆ ಆ ನಗು ಮಾತ್ರ ಈಗಲೂ ಕಿವಿಯೊಳಗೆ ಇರುವೆಯ ಹಾಗೆ ಓಡಾಡುತ್ತದೆ. ಹಿಂದಿನ ಶುಕ್ರವಾರವಷ್ಟೇ ಅವನು ಹೆಂಡತಿ ಲೋಲಾಕ್ಷಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಬಾಯಿ ಹತ್ತಿರ ಇಟ್ಟು ಹೇಳಿದ್ದ, ಇಲ್ಲಿ ಇಂಜಿನಿಯರು ನನ್ನನ್ನು ಕೇಳದೆ ಒಂದು ಕಲ್ಲು ಆಚೀಚೆ ಇಡುವುದಿಲ್ಲ ಎಂದು. ಊರಿನಲ್ಲಿ ಅವಳು ಅದನ್ನು ಅಕ್ಕಪಕ್ಕದವರಿಗೆಲ್ಲ ಹಾಕಿ ಕೇಳಿಸಿರುತ್ತಾಳೆ.

ಕ್ಯಾಬಿನ್ನಿನಿಂದ ಹೊರಗೆ ಬಂದವನ ಮೈ ಉರಿಯುತ್ತಿತ್ತು. ಪೈಪು ಎದುರಿಗೇ ಬಿದ್ದಿತ್ತು. ಅದನ್ನು ದಾಟಿಕೊಂಡು ಹೋದ. ಇಲ್ಲ ಅಂದರೆ ಇಲ್ಲವಲ್ಲ, ಹಾಗಾದರೆ ಹಾಗೇ ಆಗಲಿ, ಎಂದುಕೊಂಡ. ಯಾರ ಮೇಲಿನ ಹಟ, ಯಾರ ತಲೆಗೆ ಬೀಳುವುದು ಎಂಬ ಯೋಚನೆ ಆಗ ಎಲ್ಲಿಂದ ಬರಬೇಕು? ತಾನೇ ನಿಂತು ತೋಡಿಗೆ ಮಣ್ಣು ತುಂಬಿಸಿದ, ತಾನೇ ನೀರು ಚಿಮುಕಿಸಿ ಗುದ್ದಿಸಿದ, ಮೇಲೆ ಜಲ್ಲಿ ಹಾಕಿಸಿದ. ರೋಲರ್ ಮೇಲೆ ಯೂಸುಫ್ ಇದ್ದ, ಉಳ್ಳಾಲದ ಬ್ಯಾರಿ, ಕೆಲಸದಲ್ಲಿ ಮಾತು ಕಡಿಮೆ. ಆ ಜಾಗಕ್ಕೆ ಬಂದಾಗ ಅವನು ಗೇರು ಬಿಟ್ಟು, ಸಂಕಪ್ಪಣ್ಣ, ಆ ಅಜ್ಜನ ಪೈಪು ಎಂದು ಕೇಳಿದ. ನಿನ್ನನ್ನು ಇಟ್ಟುಕೊಂಡದ್ದು ರೋಲರ್ ಓಡಿಸಲಿಕ್ಕೆ, ಓಡಿಸು, ಎಂದು ಸಂಕಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯೂಸುಫ್ ಓಡಿಸಿದ. ಇನ್ನೊಂದು ಸಲ, ಇನ್ನೊಂದು ಸಲ, ಎಂದು ಸಂಕಪ್ಪ ಬೇರೆ ಕಡೆಗಿಂತ ದುಪ್ಪಟ್ಟು ಸಲ ಆ ಜಾಗದ ಮೇಲೆಯೇ ರೋಲರ್ ಓಡಾಡಿಸಿದ. ಮರುದಿನ ಹೊಗೆಯಾಡುವ ಡಾಮರು ಬಿದ್ದಾಗ ಆ ತಿರುವು ಕನ್ನಡಿಯ ಹಾಗೆ ಕೂತಿತು. ಇಷ್ಟು ವರ್ಷದ ರಸ್ತೆ ಕೆಲಸದಲ್ಲಿ ಅಷ್ಟು ಚಂದಕ್ಕೆ ಒಂದು ತುಂಡು ಕೂತದ್ದು ಅವನಿಗೆ ನೆನಪಿಲ್ಲ.

ಕಾರಿನ ಬಾಗಿಲು ಬಡಿದ ಸದ್ದಿಗೆ ಸಂಕಪ್ಪ ಬೆಚ್ಚಿದ. ರಾಜಗೋಪಾಲ ಬಂದಿದ್ದರು. ಇವತ್ತು ಟೈ ಕಟ್ಟಿದ್ದರು, ಕತ್ತಿನ ಹತ್ತಿರ ಬೆವರು ಇಳಿದು ಕಾಲರು ಒದ್ದೆಯಾಗಿತ್ತು. ಅವರಿಗೂ ಅವರದೇ ತಾಪತ್ರಯ ಇತ್ತು ಎನ್ನಿ. ಹೆಂಡತಿ ಕಾಂತಾಮಣಿ ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದಳು, ಕಂಪೆನಿಯ ಒಮಾನಿ ಧಣಿ, ಕಫೀಲ್, ಗಂಟೆಗೊಮ್ಮೆ ಫೋನು ಮಾಡಿ ಎಲ್ಲ ಆಯಿತಾ ಎಂದು ಕೇಳುತ್ತಿದ್ದ. ಒದ್ದೆಯನ್ನು ಅವರ ಕಣ್ಣು ತಕ್ಷಣ ಹಿಡಿಯಿತು. ಟ್ಯಾಂಕರಿನವನು ಚೆಲ್ಲಿದನಾ ಎಂದರು. ಸಂಕಪ್ಪ ಹೌದು ಎನ್ನಬಹುದಿತ್ತು. ಅವರು ಹೌದು ಎನ್ನಲಿ ಎಂದೇ ಕಾಯುತ್ತಿದ್ದರು. ಆದರೆ ಅಷ್ಟರಲ್ಲಿ ಆ ಒದ್ದೆ ಇನ್ನೂ ಎರಡು ಕಲ್ಲು ಮುಂದೆ ಹೋಗಿತ್ತು, ಬಳಿದ ಹೊಸ ಬಣ್ಣದ ಬುಡಕ್ಕೆ ಕೆಸರು ಹತ್ತುತ್ತಿತ್ತು. ಅಡಿಯಲ್ಲಿ ತೋಡು ಉಂಟು ಸಾರ್, ಫಲಜಿನ ಕವಲು, ಮುದುಕನ ತೋಟಕ್ಕೆ ಹೋಗುವುದು, ಇವತ್ತು ಅವನ ಪಾಳಿ, ನಾವು ಮುಚ್ಚಿಬಿಟ್ಟಿದ್ದೇವೆ, ಎಂದು ಒಂದೇ ಉಸಿರಿನಲ್ಲಿ ಹೇಳಿದ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿದ ಹಾಗೆ ಅನಿಸಿತು. ಇನ್ನು ಇದು ಇವರ ಹಣೆಬರಹ, ಬೈಯಲಿ, ಅಗೆಸಲಿ.

ರಾಜಗೋಪಾಲ ಅವನನ್ನೇ ನೋಡಿದರು. ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಿಲ್ಲದವರ ಹಾಗೆ. "ಇದನ್ನ ಈಗ ಹೇಳ್ತಿದ್ದೀರಲ್ಲ ಸಂಕಪ್ಪ, ಅವತ್ತೇ ಯಾಕ್ರೀ ಹೇಳ್ಲಿಲ್ಲ?"

ಸಂಕಪ್ಪ ಅವರ ಕಣ್ಣನ್ನೇ ನೋಡಿದ. ಇವರು ಮರೆತಿದ್ದರು. ಬೇಕೆಂದು ಮರೆತದ್ದಲ್ಲ, ಹಾಗಿದ್ದರೆ ಕಣ್ಣಿನಲ್ಲಿ ತಿಳಿಯುತ್ತಿತ್ತು. ಹತ್ತು ದಿನದಿಂದ ಯಾವ ಮಾತನ್ನು ಅವನು ಊಟದಲ್ಲಿ ನಿದ್ದೆಯಲ್ಲಿ ಹೊತ್ತುಕೊಂಡು ತಿರುಗಿದ್ದನೋ, ಯಾವ ಮಾತಿನ ಸಿಟ್ಟಿಗೆ ಒಬ್ಬ ಮುದುಕನ ನೀರಿನ ಬಾಯಿಗೆ ಮಣ್ಣು ಹಾಕಿದ್ದನೋ, ಆ ಮಾತನ್ನು ಆಡಿದವರಿಗೆ ಅದು ಆಡಿದ್ದೇ ನೆನಪಿಲ್ಲ. ಹೇಳಿದ್ದೆ ಸಾರ್ ಎನ್ನಬೇಕೆಂದುಕೊಂಡ. ಆ ನಗೆಯನ್ನು ಮತ್ತೆ ತೆಗೆದು ಎಲ್ಲರ ಮುಂದೆ ಇಡಬೇಕಾಗುತ್ತದೆ ಎಂದು ನೆನಪಾಗಿ ನಾಲಿಗೆ ಹಿಂದೆ ಹೋಯಿತು. ತಪ್ಪಾಯಿತು ಸಾರ್ ಎಂದ. ಎಂದದ್ದೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ರಾಜಗೋಪಾಲ ಅವನ ಹೆಗಲು ಮುಟ್ಟಿ, ಅದೂ ಮೃದುವಾಗಿ, ಇರಲಿ ಬಿಡಿ, ಮೇಲೆ ಒಣಮರಳು ಹಾಕಿಸಿ, ಕಾರ್ಪೆಟ್ ಒಂದಿಷ್ಟು ಈಚೆ ಎಳೆಸಿ, ರಜೆ ಎಲ್ಲ ಮುಗಿದ ಮೇಲೆ ನೋಡೋಣ ಎಂದರು. ಆವಾಗ ಆ ಸಸಿಗಳು ಸತ್ತಿರುತ್ತವೆ ಸಾರ್ ಎಂದು ಸಂಕಪ್ಪ ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಆಗಲೇ ಶಾಮಿಯಾನದ ಕಡೆಗೆ ನಡೆದಿದ್ದರು. ಮರಳಿನ ಗಾಡಿ ಬಂತು. ಕೆಲಸದವರು ಸುರಿದರು. ಸುರಿದ ಮರಳು ಕೆಳಗಿನಿಂದ ಕಪ್ಪಗಾಗುತ್ತಾ ಬಂತು, ಮತ್ತೆ ಸುರಿದರು, ಮತ್ತೆ ಕಪ್ಪಗಾಯಿತು.

ಮಧ್ಯಾಹ್ನ ಊಟದ ಡಬ್ಬಿ ಬಂದಾಗ ಸಂಕಪ್ಪ ತಿನ್ನಲಿಲ್ಲ. ರಸ್ತೆ ದಾಟಿ ಕೆಳಬದಿಗೆ ಹೋದ. ಯಾಕೆ ಹೋದ ಎಂದರೆ ಅವನಿಗೂ ಹೇಳಲಿಕ್ಕೆ ಬರಲಿಕ್ಕಿಲ್ಲ. ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವುದಿಲ್ಲವಾ, ಹಾಗೆ. ರಸ್ತೆಯಿಂದ ಇಳಿಜಾರು ಇಳಿದರೆ ಮುದುಕನ ತೋಟದ ಮಣ್ಣಿನ ಗೋಡೆ. ಗೋಡೆಗೂ ರಸ್ತೆಗೂ ನಡುವೆ ಒಂದು ಹೊಸ ಗುಂಡಿ ಕಂಡಿತು. ಗುಂಡಿಯೊಳಗೆ ಖಲ್ಫಾನ್ ಬಾಬಾ ಇದ್ದ. ಬಿಳಿಯ ಅಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಯ ವಸ್ತ್ರ ಬಿಚ್ಚಿ ಗೋಡೆಯ ಮೇಲಿಟ್ಟು, ಗಿಡ್ಡ ಹಿಡಿಯ ಗುದ್ದಲಿಯಿಂದ ಅಗೆಯುತ್ತಿದ್ದ. ಬೆಳಗ್ಗಿನಿಂದ ಅಗೆಯುತ್ತಿರಬೇಕು, ಸೊಂಟದವರೆಗೆ ಆಳವಾಗಿತ್ತು. ಪಕ್ಕದಲ್ಲಿ ಒಂದು ಫ್ಲಾಸ್ಕು, ತಟ್ಟೆಯಲ್ಲಿ ಖರ್ಜೂರ, ಮೇಲೆ ನೊಣಕ್ಕೆ ಮುಚ್ಚಿದ ಬಟ್ಟೆ. ಸಂಕಪ್ಪನನ್ನು ಕಂಡದ್ದೇ ಮುದುಕನ ಮುಖ ಅರಳಿತು, ದೇವರು ಕಳಿಸಿದವನು ಬಂದ ಹಾಗೆ. ನೀರು ಬಿಟ್ಟಾಗಿದೆ, ಮೇಲಿನ ಬದಿಗೆ ಬಂದಾಗಿದೆ, ಈ ಬದಿಗೆ ಬರುತ್ತಾ ಇಲ್ಲ, ಪೈಪಿನ ಬಾಯಿಗೆ ಮಣ್ಣು ಕೂತಿರಬೇಕು, ನಾನು ಬಾಯಿಯನ್ನೇ ಹುಡುಕುತ್ತಿದ್ದೇನೆ ಎಂದ.

"ಮಂಜರೂರಿ, ಪೈಪ್ ಕಿದರ್ ಹೈ?"

ಸಂಕಪ್ಪ ಇಲ್ಲಿ ಎಂದು ಕೈ ತೋರಿಸಿದ. ತೋರಿಸಿದ್ದು ಅವನಲ್ಲ, ಅವನ ಕೈ. ಮುದುಕ ಅಗೆದ ಜಾಗಕ್ಕಿಂತ ಒಂದು ಮಾರು ಬಲಕ್ಕೆ. ಯಾಕೆ ಬಲಕ್ಕೆ? ಎಡಕ್ಕೆ ಯಾಕಲ್ಲ? ಯಾವ ಬದಿಗಾದರೂ ಒಂದೇ, ಇಲ್ಲದ್ದು ಎಲ್ಲಿದ್ದರೂ ಇಲ್ಲವೇ. ಖಲ್ಫಾನ್ ಬಾಬಾ, ಓ ಅಲ್ಲಾ, ನಾನು ಇಷ್ಟು ಹೊತ್ತು ತಪ್ಪು ಕಡೆ ಅಗೆದೆನಲ್ಲ ಎಂದು ತನ್ನ ದಡ್ಡತನಕ್ಕೆ ತಾನೇ ನಕ್ಕು, ಬಲಕ್ಕೆ ತಿರುಗಿ ಗುದ್ದಲಿ ಎತ್ತಿದ. ಎರಡು ಏಟಿಗೇ ಗುದ್ದಲಿ ಊರಿ ಸೊಂಟ ಹಿಡಿದುಕೊಂಡ. ಅದನ್ನು ನೋಡಲಾಗದೆ ಸಂಕಪ್ಪ ಗುಂಡಿಗೆ ಇಳಿದ, ಗುದ್ದಲಿ ಕಿತ್ತುಕೊಂಡ, ಅಗೆಯತೊಡಗಿದ.

ಇಂಥ ಅಸಹ್ಯ ಕೆಲಸ ಇನ್ನೊಂದಿಲ್ಲ. ಪೈಪು ಇಲ್ಲವೆಂದು ಗೊತ್ತಿದ್ದವನು ಪೈಪು ಹುಡುಕುವ ಹಾಗೆ ಅಗೆಯಬೇಕು. ಬಿರುಸಾಗಿ ಅಗೆದರೆ ಪೈಪು ಒಡೆದೀತೆಂಬ ಭಯ ತೋರಿಸಬೇಕು, ಮುದುಕ ಮೆಲ್ಲಗೆ ಮೆಲ್ಲಗೆ ಎಂದಾಗ ಹೌದು ಹೌದು ಎನ್ನಬೇಕು. ಕಲ್ಲಿಗೆ ತಾಗಿ ಠಣ್ ಎಂದಾಗ ಇಬ್ಬರೂ ಬಗ್ಗಿ ನೋಡಿದರು. ಬರೇ ಕಲ್ಲು. ಸಂಕಪ್ಪನಿಗೆ ತನ್ನ ಅಪ್ಪ ಕೊಗ್ಗನ ಬೆನ್ನು ಕಾಣುತ್ತಿತ್ತು. ಸುಗ್ಗಿ ಮುಗಿದು ಬೇಸಗೆಯ ಕೊಳಕೆ ಬೆಳೆಗೆ ನೀರು ಸಾಲದ ದಿನಗಳು. ಹೊಳೆಗೆ ಮಣ್ಣಿನ ಕಟ್ಟ ಹಾಕಿ ಗದ್ದೆಗೆ ಪಾಳಿಯ ಮೇಲೆ ನೀರು. ತಮ್ಮ ಪಾಳಿಯ ದಿನ ಗುರುವ ಮಾವ ಮೇಲಿನಿಂದಲೇ ತೋಡಿಗೆ ಹೆಂಟೆ ಹಾಕಿ ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಯಾಕೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ನೆಲ ಮಾವನದು. ಅಪ್ಪ ಒಣಗಿದ ತೋಡಿನಲ್ಲಿ ಗುದ್ದಲಿ ಹಿಡಿದುಕೊಂಡು ನಿಂತಿದ್ದ. ಅಗೆಯಲಿಕ್ಕೆ ಏನೂ ಇರಲಿಲ್ಲ, ಆದರೂ ಅಲ್ಲಿ ಇಲ್ಲಿ ಕೆರೆದ, ಕಸ ತೆಗೆದ, ನೀರು ಬರದೆ ಇರುವುದಕ್ಕೆ ಕಸವೇ ಕಾರಣ ಎಂಬ ಹಾಗೆ. ಮರ್ಯಾದೆ ಉಳಿಸಿಕೊಳ್ಳಲಿಕ್ಕೆ ಅಷ್ಟಾದರೂ ಬೇಡವಾ? ಆ ದಿನ ಗುರುವ ಮಾವನ ಮೇಲೆ ಹಲ್ಲು ಕಡಿದದ್ದನ್ನು ಸಂಕಪ್ಪ ಇನ್ನೂ ಮರೆತಿಲ್ಲ. ಒಣಗಿದ ತೋಡು ಸತ್ತ ತೋಡಲ್ಲ ಎಂದು ಗೊತ್ತಿರಬೇಕಾದವನು ಈ ಭೂಮಿಯ ಮೇಲೆ ಒಬ್ಬನಿದ್ದರೆ ಅದು ಅವನೇ. ಗುದ್ದಲಿ ಹಾಕಿದ. ಮತ್ತೆ ಬರೇ ಮಣ್ಣು. ಈ ತುಂಬಿದ ಮಣ್ಣು, ನೀರು ಚಿಮುಕಿಸಿ ಗುದ್ದಿಸಿದ ಮಣ್ಣು, ತನ್ನದೇ ಕೆಲಸ.

ಸಾಕಾಯಿತು. ಗುದ್ದಲಿ ಕೆಳಗಿಟ್ಟ. ಗುಂಡಿಯ ಗೋಡೆಗೆ ಒರಗಿ ನಿಂತು, ಮುದುಕನ ಮುಖ ನೋಡದೆ, ಅವನ ಕಾಲಿನ ಹೆಬ್ಬೆರಳು ನೋಡುತ್ತಾ ಹೇಳಿದ.

"ಬಾಬಾ, ಪೈಪ್ ಮಾಫಿ. ಪೈಪ್ ನಹೀ ಹೈ. ಹಮ್ ನಹೀ ಡಾಲಾ."

ಇಲ್ಲ, ಹಾಕಲೇ ಇಲ್ಲ, ಎಂದು ಎರಡು ಮೂರು ಸಲ ಹೇಳಿದ. ಅರಬ್ಬಿಯ ಮಾಫಿ, ಹಿಂದಿಯ ನಹೀ, ಕೊನೆಗೆ ಬಾಯಿಗೆ ಬಂದ ತುಳುವಿನಲ್ಲೂ ಇಜ್ಜಿ ಎಂದ. ಇಷ್ಟು ಭಾಷೆಯಲ್ಲಿ ಇಲ್ಲ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಖಲ್ಫಾನ್ ಬಾಬಾನಿಗೆ ಅರ್ಥವಾಗಲಿಲ್ಲ. ಅವನು ಸಂಕಪ್ಪನ ಬೆವರಿದ ಮುಖ ನೋಡಿ, ಪಾಪ, ಹುಡುಕಿ ಹುಡುಕಿ ಬೇಜಾರು ಬಂತು ಇವನಿಗೆ ಎಂದುಕೊಂಡ. ಬೆನ್ನು ತಟ್ಟಿದ. ತಾಳ್ಮೆ, ತಾಳ್ಮೆ, ಅಲ್ಲಿಯೇ ಇರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದ. ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ರಸ್ತೆಯವರೆಲ್ಲ ಸುಳ್ಳರು, ನೀನು ಮಂಜರೂರಿ, ನಿನ್ನ ಊರಿನ ಬಂದರಿನಲ್ಲಿ ನಾನು ಎಷ್ಟು ಸಲ ಅನ್ನ ತಿಂದಿದ್ದೇನೆ.

"ತುಮ್ ಬೋಲಾ ಪೈಪ್ ಹೈ. ಬಸ್, ಹೈ."

ನೀನು ಇದೆ ಎಂದೆ, ಮುಗಿಯಿತು, ಇದೆ. ಸಂಕಪ್ಪನಿಗೆ ಆ ಮುದುಕನ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಬೈಯಬಾರದಾ ನಿನಗೆ, ಉಗಿಯಬಾರದಾ? ಒಬ್ಬ ತಾನು ಆಡಿದ್ದನ್ನೇ ಮರೆತ, ಇನ್ನೊಬ್ಬ ತಾನು ಕೇಳಿದ್ದನ್ನು ಬಿಡಲೊಲ್ಲ, ನಡುವೆ ಸಿಕ್ಕಿಕೊಂಡು ತಾನೊಬ್ಬ ತಪ್ಪು ಮಾಡಿದ್ದೇನೆಂದು ಯಾರಿಗೆ ಹೇಳಿದರೂ ತೆಗೆದುಕೊಳ್ಳುವವರಿಲ್ಲ. ಮುದುಕ ಗುದ್ದಲಿ ಮತ್ತೆ ಕೈಗೆ ತೆಗೆದುಕೊಂಡಿದ್ದ. ನೀನು ಕೂತು ಖರ್ಜೂರ ತಿನ್ನು, ಫ್ಲಾಸ್ಕಿನ ಕಾವಾ ಕುಡಿ, ನಾನು ಅಗೆಯುತ್ತೇನೆ, ಸಿಕ್ಕಿದ ಮೇಲೆ ಇಬ್ಬರೂ ಸೇರಿ ಕುಡಿಯುವಾ ಎಂದುಕೊಂಡಿದ್ದೆ, ಪರವಾಗಿಲ್ಲ ನೀನು ಮೊದಲು ಕುಡಿ ಎಂದ. ಗೋಡೆಯ ಬಿರುಕಿನಲ್ಲಿ ತೋಟ ಕಾಣುತ್ತಿತ್ತು. ಪ್ರತಿ ಲಿಂಬೆ ಸಸಿಯ ಬುಡಕ್ಕೂ ಮುದುಕ ಪಾತಿ ಮಾಡಿ, ಮಣ್ಣು ಸಡಿಲಿಸಿ, ನೀರು ಬರುವ ಸಣ್ಣ ಸಣ್ಣ ದಾರಿ ಬೆರಳಿನಿಂದ ಗೀಚಿ ಇಟ್ಟಿದ್ದ. ಎಲೆಗಳು ಆಗಲೇ ಒಳಗೆ ಮುದುಡಿದ್ದವು.

ಸಂಕಪ್ಪ ಗುಂಡಿಯಿಂದ ಹತ್ತಿ ರಸ್ತೆಗೆ ಬಂದ. ನಡೆದದ್ದಲ್ಲ, ಓಡಿದ. ರೋಲರಿನ ನೆರಳಿನಲ್ಲಿ ಕೂತಿದ್ದ ಯೂಸುಫ್‌ನ ಹತ್ತಿರ ಕಂಪ್ರೆಸರ್ ಎಲ್ಲಿ ಎಂದ. ಡಾಮರು ಒಡೆಯುವ ಯಂತ್ರ ಅದಕ್ಕೇ ಜೋಡಿಸುವುದು. ನಿನ್ನೆಯೇ ಸುವೈಕ್‌ನ ಸೈಟಿಗೆ ಹೋಯಿತಲ್ಲ ಎಂದ ಯೂಸುಫ್. ಹೋಯಿತಲ್ಲ ಎಂದವನು ಎದ್ದು ನಿಂತು, ಸಂಕಪ್ಪನ ಕೈಕಾಲಿಗೆ ಹತ್ತಿದ ಮಣ್ಣು ನೋಡಿ, ಆಮೇಲೆ ಕೆಳಬದಿಯ ಗೋಡೆಯ ಕಡೆ ನೋಡಿದ. ಎಲ್ಲ ಅರ್ಥವಾಯಿತು ಅವನಿಗೆ. ನಾನು ಆ ದಿನ ಕೇಳಿದ್ದೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು. ಪಿಕಪ್ಪಿನ ಹಿಂದಿನಿಂದ ಒಂದು ಪಿಕ್ಕಾಸು ಎಳೆದು ತಂದು, ಸಂಕಪ್ಪಣ್ಣ, ಇದರಲ್ಲಿ ಆಗುವ ಕೆಲಸ ಅಲ್ಲ ಅದು ಎಂದು ಮೆಲ್ಲಗೆ ಹೇಳುತ್ತಲೇ ಕೈಗೆ ಕೊಟ್ಟ.

ಶಾಮಿಯಾನದ ಕಡೆ ಮೈಕು ಪರೀಕ್ಷೆ ಮಾಡುತ್ತಿದ್ದರು. ಮಸೀದಿಯಿಂದ ಜನ ಹೊರಗೆ ಬರುವುದು ದೂರದಿಂದ ಕಾಣುತ್ತಿತ್ತು. ಸಂಕಪ್ಪ ತಿರುವಿನ ಮೇಲೆ, ಆ ಜಾಗದ ಮೇಲೆ ನಿಂತ. ಗುರುತು ಬೇಕಾಗಿರಲಿಲ್ಲ, ಕಾಲಿಗೇ ಗೊತ್ತಿತ್ತು. ಪಿಕ್ಕಾಸನ್ನು ತಲೆಯ ಮೇಲಕ್ಕೆತ್ತಿ ಇಡೀ ಮೈ ಹಾಕಿ ಬೀಸಿದ. ಮೊನೆ ಹೆಬ್ಬೆರಳಿನ ಉಗುರಿನಷ್ಟು ಒಳಗೆ ಹೋಗಿ ಸಿಕ್ಕಿಕೊಂಡಿತು. ಅಲ್ಲಾಡಿಸಿ ಕಿತ್ತ, ಮತ್ತೆ ಹೊಡೆದ. ಇನ್ನೊಂದು ಅಷ್ಟೇ ಸಣ್ಣ ಗುಳಿ. ಬೇರೆ ಎಲ್ಲಿಯಾದರೂ ಆಗಿದ್ದರೆ ಇಷ್ಟರಲ್ಲಿ ಒಂದು ಸಿಪ್ಪೆಯಾದರೂ ಎದ್ದುಬರುತ್ತಿತ್ತು. ಇಲ್ಲಿ ಬರುವುದಿಲ್ಲ, ಇದು ದುಪ್ಪಟ್ಟು ಸಲ ರೋಲರ್ ಓಡಿಸಿದ ಜಾಗ. ಅಡಿಯ ಜಲ್ಲಿ ಕಲ್ಲಾಗಿ ಕೂತಿದೆ. ತನ್ನ ಕೆಲಸ ತನಗೇ ಬಾಗಿಲು ಹಾಕಿಕೊಂಡು ಒಳಗೆ ಕೂತಿದೆ. ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು, ಅಂಗೈಯ ಚರ್ಮ ಸುಲಿಯಿತು. ಹೊಡೆಯುತ್ತಾ ಹೋದ.

ಸದ್ದಿಗೆ ಖಲ್ಫಾನ್ ಬಾಬಾ ಮೇಲೆ ಬಂದಿದ್ದ. ರಸ್ತೆಯಂಚಿನಲ್ಲಿ, ಹೊಸ ಬಣ್ಣದ ಕಲ್ಲುಗಳ ಹಿಂದೆ, ಗುದ್ದಲಿ ಹಿಡಿದುಕೊಂಡು ನಿಂತಿದ್ದ. ಮೊದಲು ಅವನ ಮುಖದಲ್ಲಿ ಇದು ಎಂಥ ಹುಚ್ಚು ಎಂಬ ನಗು ಇತ್ತು. ಸಂಕಪ್ಪ ಇನ್ನೊಂದು ಏಟು ಹಾಕಿದ. ಪೈಪು ಇದ್ದಿದ್ದರೆ ಯಾರಾದರೂ ಅದರ ತಲೆಯ ಮೇಲೆ ಹೀಗೆ ಹೊಡೆಯುತ್ತಾರಾ? ನಗು ಮೆಲ್ಲಗೆ ಆರಿತು. ಮುದುಕ ರಸ್ತೆಯ ಮೇಲಿನ ಆ ಸಣ್ಣ ಸಣ್ಣ ಗುಳಿಗಳನ್ನು ನೋಡಿದ, ಆಚೆ ಬದಿಯ ಕಪ್ಪು ಮರಳನ್ನು ನೋಡಿದ, ತಾನು ಅಗೆದ ಗುಂಡಿಯನ್ನು ನೋಡಿದ, ಕಡೆಗೆ ಸಂಕಪ್ಪನನ್ನು. ಮೂರು ಭಾಷೆಯಲ್ಲಿ ಹೇಳಿದ ಇಲ್ಲ ಎಂಬ ಮಾತು ಈಗ ಅವನಿಗೆ ಮುಟ್ಟಿತು.

ಅವನು ಬೈಯಲಿಲ್ಲ. ಕೆಳಗಿಳಿದು ಹೋಗಿ ಫ್ಲಾಸ್ಕು, ಖರ್ಜೂರದ ತಟ್ಟೆ ಎರಡನ್ನೂ ಎತ್ತಿ ಗೋಡೆಯ ಒಳಗೆ ಇಟ್ಟು ಬಂದ. ತಲೆಯ ವಸ್ತ್ರವನ್ನು ನಿಧಾನವಾಗಿ ಸುತ್ತಿಕೊಂಡ. ರಸ್ತೆ ದಾಟಿ, ಸಂಕಪ್ಪನ ಪಕ್ಕದಿಂದಲೇ ಹಾದು, ಮೇಲಿನ ಬದಿಗೆ ಹೋದ. ಅಲ್ಲಿ ಫಲಜ್‌ನ ತಾಯಿ ಕಾಲುವೆ. ಕಾಲುವೆಯ ಪಕ್ಕ ನೆಟ್ಟ ಕೋಲಿನ ನೆರಳು ಗುರುತಿನ ಕಲ್ಲಿಗೆ ಇನ್ನೂ ಮುಟ್ಟಿರಲಿಲ್ಲ, ಪಾಳಿ ಇನ್ನೂ ಅವನದೇ. ಹರಕು ಬಟ್ಟೆ ಸುತ್ತಿದ ಒಂದು ಕಲ್ಲನ್ನು ಎತ್ತಿ ಅವನು ತನ್ನ ಕವಲಿನ ಬಾಯಿಗೆ ಇಟ್ಟು, ಸುತ್ತ ಕೆಸರು ಮೆತ್ತಿ, ಕಾಲಿನಿಂದ ಒತ್ತಿದ. ಆಮೇಲೆ ಆ ಮೇಲ್ಬದಿಯ ಇನ್ನೊಂದು ತೋಟದವನ ಕವಲಿನ ಕಲ್ಲು ತೆಗೆದ. ನೀರು ಒಂದು ಕ್ಷಣ ತಡೆದು, ಅತ್ತ ತಿರುಗಿತು. ಕೈ ತೊಳೆದುಕೊಂಡು ಅವನು ಹಿಂದೆ ಬರುವಾಗ ಒಮ್ಮೆ ಮಾತ್ರ ನಿಂತ. ಸಂಕಪ್ಪನ ಮುಖವನ್ನಲ್ಲ, ಪಿಕ್ಕಾಸಿನ ಮೊನೆ ನೋಡುತ್ತಾ ಹೇಳಿದ.

"ಬಸ್, ಮಂಜರೂರಿ. ರಾಸ್ತಾ ಖರಾಬ್ ಹೋಗಾ."

ಸಾಕು, ರಸ್ತೆ ಹಾಳಾಗುತ್ತದೆ. ಅಷ್ಟು ಹೇಳಿ ಇಳಿಜಾರು ಇಳಿದು ತೋಟದ ಬಾಗಿಲು ಹಾಕಿಕೊಂಡ. ಕಲ್ಲುಗಳ ಬುಡದ ಒದ್ದೆ ಅಲ್ಲಿಗೇ ನಿಂತಿತ್ತು, ಮರಳು ಅಂಚಿನಿಂದ ಬೆಳ್ಳಗಾಗತೊಡಗಿತ್ತು. ರೌಂಡಬೌಟು ಸುತ್ತಿ ಬರುತ್ತಿದ್ದ ಕಾರುಗಳ ಸಾಲು ಕಂಡಿತು. ಜಮಖಾನದ ಮೇಲಿನಿಂದ ರಾಜಗೋಪಾಲ ಟೈ ಹಿಡಿದುಕೊಂಡು ಓಡಿಬರುತ್ತಾ, ಏನ್ರೀ ಮಾಡ್ತಿದ್ದೀರಿ ಸಂಕಪ್ಪ, ಏನ್ರೀ ಇದು, ಬಿಡ್ರೀ ಅದನ್ನ ಎಂದು ಕೂಗುತ್ತಿದ್ದರು. ಯೂಸುಫ್ ಬಂದು ತೋಳು ಹಿಡಿದ. ಸಂಕಪ್ಪ ಕೊಡವಿಕೊಂಡು, ಯಾರನ್ನೂ ಕೇಳದೆ, ಪಿಕ್ಕಾಸು ಎತ್ತಿದ.